ಗಾಳಿಯಾಡದ ಕೆಸರಿನ ಬಗ್ಗೆ ಎರಡು ಮಾತು

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ದ್ರಾಕ್ಷಿ ತೋಟ. ಏಪ್ರಿಲ್ ತಿಂಗಳ ಮಧ್ಯಾಹ್ನ. ತೋಟದ ಯಜಮಾನರು ಅರವತ್ತು ದಾಟಿದವರು, ಪಿಯುಸಿ ಮುಗಿಸಿ ಬೇಸಾಯಕ್ಕೆ ನಿಂತವರು. ಎದುರಿಗೆ ಅವರ ತಮ್ಮನ ಮಗಳು, ಮಂಗಳಗಂಗೋತ್ರಿಯಲ್ಲಿ ಸಾಗರ ಭೂವಿಜ್ಞಾನ ಓದುತ್ತಿರುವವಳು. ಪಂಪ್‌ಹೌಸಿನ ಕಿಟಕಿಕಟ್ಟೆಯ ಮೇಲೆ ಒಂದು ದೊಡ್ಡ ಗಾಜಿನ ಬಾಟಲಿ ಇದೆ. ಸಂಕ್ರಾಂತಿಗೆ ಬಂದಾಗ ಊರ ಕೆರೆಯ ಕೆಸರಿಗೆ ಹರಿದ ಪೇಪರು, ಒಂದು ಹಿಡಿ ಜಿಪ್ಸಂ, ಮೊಟ್ಟೆ ಚಿಪ್ಪಿನ ಪುಡಿ ಕಲಸಿ, ಮೇಲೆ ನೀರು ಹಾಕಿ, ಬಿಸಿಲು ಬೀಳುವ ಕಡೆ ಇಟ್ಟುಹೋಗಿದ್ದವಳು ಅವಳೇ. ಈಗ ಅದರಲ್ಲಿ ತಳದಿಂದ ಮೇಲಕ್ಕೆ ಕಪ್ಪು, ಹಸಿರು, ನೇರಳೆ, ಕಂದು ಪಟ್ಟಿಗಳು ಎದ್ದಿವೆ.

ಇಬ್ಬರ ಮಾತನ್ನೂ ಹಾಗೆಹಾಗೇ ಇಡುತ್ತಿದ್ದೇನೆ. ಉಸಿರುಗಟ್ಟಿದ ನೀರಿನ ಕೆಳಗೆ ನಡೆಯುವ ಬದುಕನ್ನು ಮೆಚ್ಚಬೇಕೋ ಹೆದರಬೇಕೋ ಎಂಬ ಪ್ರಶ್ನೆಗೆ ಒಬ್ಬರ ಬಾಯಿಂದ ಪೂರ್ತಿ ಉತ್ತರ ಬರುವುದಿಲ್ಲ ಎಂದು ನನಗೆ ಅನ್ನಿಸಿದೆ.

ದೊಡ್ಡಪ್ಪ: ಅಲ್ಲಾಡಿಸಬೇಡ ಕಣಮ್ಮ ಅದನ್ನ. ಮೊನ್ನೆ ಮುಚ್ಚಳ ತೆಗೆದು ನೋಡಿದ್ದಕ್ಕೆ ನಿಮ್ಮ ದೊಡ್ಡಮ್ಮ ಊಟಾನೇ ಮಾಡಲಿಲ್ಲ. ಕೊಳೆತ ಮೊಟ್ಟೆ ವಾಸನೆ.

ಹುಡುಗಿ: ಆ ವಾಸನೆ ಬಂತು ಅಂದ್ರೆ ಬಾಟಲಿ ಚೆನ್ನಾಗಿ ಬಂದಿದೆ ಅಂತ ದೊಡ್ಡಪ್ಪ. ರಷ್ಯಾದ ವಿನೊಗ್ರಾಡ್‌ಸ್ಕಿ ಅನ್ನೋ ವಿಜ್ಞಾನಿ 1880ರ ದಶಕದಲ್ಲಿ ಹೀಗೇ ಕೆಸರು ತುಂಬಿಟ್ಟು ನೋಡಿದ್ರು. ತಳದಲ್ಲಿ ಗಾಳಿಯಾಡಲ್ಲ. ನಾವು ಆಮ್ಲಜನಕ ಉಸಿರಾಡ್ತೀವಲ್ಲ, ಅಲ್ಲಿರೋ ಬ್ಯಾಕ್ಟೀರಿಯಾ ಅದರ ಬದಲು ಜಿಪ್ಸಂನಲ್ಲಿರೋ ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡ್ತವೆ. ನಿಮಗೆ ಬಂದ ವಾಸನೆ ಅದೇ. ಅದು ಮಣ್ಣಿನ ಕಬ್ಬಿಣಕ್ಕೆ ಸೇರಿದ್ರೆ ಮಣ್ಣು ಕಪ್ಪಾಗುತ್ತೆ. ಅದರ ಮೇಲಿನ ಹಸಿರು, ನೇರಳೆ ಪಟ್ಟಿಗಳಲ್ಲಿರೋವು ಬೇರೆ ಜಾತಿಯವು. ಕೆಳಗಿನವರು ಬಿಟ್ಟ ಸಲ್ಫೈಡು, ಮೇಲಿಂದ ಬೀಳೋ ಬಿಸಿಲು, ಎರಡನ್ನೂ ಬಳಸಿಕೊಂಡು ಬದುಕ್ತವೆ. ಯಾರೂ ಹೇಳಿಕೊಡದೆ ಒಂದೊಂದೂ ತನಗೆ ಒಗ್ಗೋ ಜಾಗ ಹಿಡಿದಿದೆ ನೋಡಿ.

ದೊಡ್ಡಪ್ಪ: ಇದನ್ನ ನೋಡೋಕೆ ಬಾಟಲಿ ಯಾಕೆ ಬೇಕು? ಕೆರೆ ಏರಿ ಮೇಲೆ ನಿಂತ್ರೆ ಸಾಕು. ನಾನು ಹುಡುಗನಾಗಿದ್ದಾಗ ಅಲ್ಲಿ ಈಜ್ತಿದ್ವಿ, ಗೆಂಡೆ ಮೀನು ಹಿಡೀತಿದ್ವಿ. ಈಗ ಚರಂಡಿ ನೀರು, ಕೈಗಾರಿಕೆ ನೀರು ಎಲ್ಲಾ ಬಂದು ಸೇರಿ, ಹೋದ ವರ್ಷ ಬೆಳಗಾಗೋದ್ರೊಳಗೆ ಮೀನು ಸತ್ತು ದಡಕ್ಕೆ ಬಂದಿದ್ವು. ಅದೇ ಕಪ್ಪು, ಅದೇ ವಾಸನೆ. ನನಗೆ ಅದು ಸತ್ತ ಕೆರೆ. ನಿನಗೆ ಅದು ಚೆನ್ನಾಗಿ ಬಂದಿರೋ ಬಾಟಲಿ.

ಹುಡುಗಿ: ಮೀನಿಗೆ ಅದು ಸಾವು, ಒಪ್ಪಿದೆ. ಕೆರೆ ಪೂರ್ತಿ ಸತ್ತಿದೆ ಅನ್ನೋದನ್ನ ಮಾತ್ರ ಒಪ್ಪಲ್ಲ. ಆಮ್ಲಜನಕ ಇಲ್ಲದ ಕಡೆ ಜೀವ ಇರಲ್ಲ ಅನ್ನೋದು ನಮ್ಮ ಕಡೆಯಿಂದ ನೋಡಿದ ಮಾತು. ಸಮುದ್ರದಲ್ಲಿ ಇಂಥ ಜಾಗ ಬಹಳ ಇವೆ. ನಮ್ಮ ಅರಬ್ಬಿ ಸಮುದ್ರವನ್ನೇ ತಗೊಳ್ಳಿ. ಸುಮಾರು 150 ಮೀಟರಿಂದ 1,000 ಮೀಟರ್ ಆಳದವರೆಗೆ ಅಲ್ಲಿನ ನೀರಿನಲ್ಲಿ ಆಮ್ಲಜನಕ ಇಲ್ಲ ಅನ್ನೋವಷ್ಟು ಕಡಿಮೆ. ಮುಂಗಾರಿನ ಗಾಳಿಗೆ ಕೆಳಗಿನ ಸತ್ವದ ನೀರು ಮೇಲೆ ಬರುತ್ತೆ, ಸೂಕ್ಷ್ಮ ಸಸ್ಯಗಳು ವಿಪರೀತ ಬೆಳೀತವೆ, ಸತ್ತು ಕೆಳಗಿಳೀತವೆ, ಕೊಳೆಯೋವಾಗ ಇದ್ದ ಆಮ್ಲಜನಕ ಎಲ್ಲಾ ಖರ್ಚಾಗುತ್ತೆ. ಉತ್ತರಕ್ಕೆ ನೆಲ ಅಡ್ಡ ಇರೋದ್ರಿಂದ ಆ ಕಡೆಯಿಂದ ಹೊಸ ತಣ್ಣೀರು ಬರೋಕೆ ದಾರಿ ಇಲ್ಲ.

ದೊಡ್ಡಪ್ಪ: ಅಷ್ಟು ಆಳ ತಾನೇ? ಮೀನುಗಾರರಿಗೆ ಅದರಿಂದ ಏನು?

ಹುಡುಗಿ: ಆಳದಲ್ಲೇ ಉಳಿದಿದ್ರೆ ಏನೂ ಇಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಆ ನೀರು ನಮ್ಮ ಕರಾವಳಿಯ ದಡದ ಹತ್ತಿರಕ್ಕೇ ಹತ್ತಿ ಬರುತ್ತೆ. ಮೇಲೆ ಮಳೆಯ ಸಿಹಿನೀರು ಹರಡಿರುತ್ತೆ, ಅದು ಹಗುರ, ಕೆಳಗಿನದರ ಜೊತೆ ಬೆರೆಯಲ್ಲ. ಹಾಗಾಗಿ ಸೆಪ್ಟೆಂಬರ್, ಅಕ್ಟೋಬರ್ ಅಷ್ಟರಲ್ಲಿ ತಳದ ನೀರು ಉಸಿರು ಕಳೆದುಕೊಳ್ಳುತ್ತೆ, ಕೆಲವು ಕಡೆ ಸಲ್ಫೈಡೂ ಕಾಣಿಸಿಕೊಳ್ಳುತ್ತೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತೆ ಅವರ ಜೊತೆಯವರು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದನ್ನ ಬರೆದ್ರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಅದು ಮುಗಿಸಿ ದೋಣಿ ಇಳಿಸೋವಾಗ ಕೆಳಗಿನ ನೀರು ಕೆಡ್ತಾ ಇರುತ್ತೆ.

ದೊಡ್ಡಪ್ಪ: ನೋಡು, ನೀನೂ 'ಕೆಡ್ತಾ ಇರುತ್ತೆ' ಅಂದೆ.

ಹುಡುಗಿ: ಅಂದೆ. ಮೀನಿನ ಕಡೆಯಿಂದ ಅಂದೆ. ಈಗ ತಳದ ಕೆಸರಿನ ಕಡೆಗೆ ಬನ್ನಿ. ಚಿಲಿ, ಪೆರು ದೇಶಗಳ ಕರಾವಳಿಯಾಚೆ ಹೀಗೇ ಉಸಿರಿಲ್ಲದ ನೀರು ಇದೆ. ಅದರ ತಳದಲ್ಲಿ ಬಿಳಿ ನಾರಿನಂಥ ಬ್ಯಾಕ್ಟೀರಿಯಾ ಹಾಸು ಹಬ್ಬಿರೋದನ್ನ ಗಲ್ಲಾರ್ಡೊ ಅನ್ನೋರು 1977ರಲ್ಲಿ ಪ್ರಕಟಿಸಿದ್ರು. ಥಿಯೋಪ್ಲೋಕಾ ಅಂತ ಅದರ ಹೆಸರು. ಅದಕ್ಕೆ ಬೇಕಾದ ಸಲ್ಫೈಡ್ ಇರೋದು ಕೆಸರಿನ ಒಳಗೆ, ಅದನ್ನ ಅರಗಿಸೋಕೆ ಬೇಕಾದ ನೈಟ್ರೇಟ್ ಇರೋದು ಮೇಲಿನ ನೀರಲ್ಲಿ. ಎರಡೂ ಒಂದೇ ಕಡೆ ಸಿಗಲ್ಲ. ಅದಕ್ಕೆ ಆ ಎಳೆ ಮೇಲೆ ಜಾರಿಕೊಂಡು ಬಂದು ನೈಟ್ರೇಟ್ ತುಂಬಿಕೊಳ್ಳುತ್ತೆ, ಸುತ್ತಲ ನೀರಿಗಿಂತ ಸಾವಿರಾರು ಪಟ್ಟು ಗಾಢವಾಗಿ. ಆಮೇಲೆ ಕೆಳಗಿಳಿದು ಸಲ್ಫೈಡ್ ತಿನ್ನುತ್ತೆ. ಅರಬ್ಬಿ ಸಮುದ್ರದಲ್ಲೂ ಪಾಕಿಸ್ತಾನದ ಕರಾವಳಿಯಾಚೆ ಅದೇ ಜಾತಿ ಸಿಕ್ಕಿದೆ.

ದೊಡ್ಡಪ್ಪ: ಬರಿಗಣ್ಣಿಗೆ ಕಾಣ್ತದಾ?

ಹುಡುಗಿ: ಎಳೆ ಕಾಣುತ್ತೆ. ಇನ್ನೊಂದಿದೆ, ಅದು ಒಂದೊಂದು ಕೋಶವೇ ಕಾಣುತ್ತೆ. ನಮೀಬಿಯಾ ದೇಶದ ಕಡಲತಳದ ಕೆಸರಿನಲ್ಲಿ ಹೈಡಿ ಶುಲ್ಜ್ ಅನ್ನೋ ಜರ್ಮನ್ ವಿಜ್ಞಾನಿಗೆ 1997ರಲ್ಲಿ ಸಿಕ್ತು, ಥಿಯೋಮಾರ್ಗರಿಟಾ. ಮುತ್ತಿನ ಸರದ ಹಾಗೆ ಸಾಲಾಗಿ ಇರುತ್ತೆ. ಒಂದೊಂದು ಕೋಶ ಮುಕ್ಕಾಲು ಮಿಲಿಮೀಟರ್‌ವರೆಗೂ ಬೆಳೆಯುತ್ತೆ. ಒಂದು ರಾಗಿ ಕಾಳಿನ ಅರ್ಧ ಅಂದುಕೊಳ್ಳಿ.

ದೊಡ್ಡಪ್ಪ: ರಾಗಿ ಕಾಳಿನ ಅರ್ಧದಷ್ಟು ಬ್ಯಾಕ್ಟೀರಿಯಾ!

ಈ ಒಂದು ಮಾತಿಗೆ ಅವರು ಎದ್ದು ಬಾಟಲಿಯ ಹತ್ತಿರ ಬಂದರು. ಗಾಜಿಗೆ ಮುಖ ಹತ್ತಿರ ಹಿಡಿದು ನೋಡಿದರು. ಅಂಥದ್ದು ಕೆರೆಯ ಕೆಸರಿನಲ್ಲಿ ಇರುವುದಿಲ್ಲ ಎಂದು ಹುಡುಗಿ ಹೇಳಬೇಕಾಯಿತು. ಆದರೆ ಕೌತುಕ ಒಮ್ಮೆ ಎದ್ದ ಮೇಲೆ ವಾದ ಮೊದಲಿನ ದಾರಿಯಲ್ಲಿ ನಡೆಯಲಿಲ್ಲ. ಸಾಮಾನ್ಯವಾಗಿ ವಿಜ್ಞಾನವನ್ನು ರೈತರಿಗೆ ಹೇಳುವವರು ಉಪಯೋಗದಿಂದ ಶುರುಮಾಡುತ್ತಾರೆ. ಸೋಜಿಗದಿಂದ ಶುರುಮಾಡಿದರೆ ಪ್ರಶ್ನೆಗಳು ಹೆಚ್ಚು ಹರಿತವಾಗುತ್ತವೆ ಎಂಬುದನ್ನು ಮುಂದಿನ ಮಾತು ತೋರಿಸುತ್ತದೆ.

ದೊಡ್ಡಪ್ಪ: ಸರಿ, ಇವು ಇವೆ ಅಂತ ಇಟ್ಕೊಳ್ಳೋಣ. ನೀನು ಓದೋದು ಕಲ್ಲು, ಭೂಮಿ. ಕೆಸರಿನ ಮೇಲಿನ ಹಾಸಿಗೂ ಕಲ್ಲಿಗೂ ಏನು ಸಂಬಂಧ?

ಹುಡುಗಿ: ಸಂಬಂಧ ನೋಡಬೇಕು ಅಂದ್ರೆ ಸಮುದ್ರಕ್ಕೆ ಹೋಗಬೇಕಾಗಿಲ್ಲ. ನೆಲಮಂಗಲ ದಾಟಿ, ತುಮಕೂರು ದಾಟಿ, ಗುಬ್ಬಿ ಕಡೆ ದೊಡ್ಡಗುಣಿಗೆ ಹೋದರೆ ಸಾಕು. ಅಲ್ಲಿನ ಸುಣ್ಣಕಲ್ಲಿನಲ್ಲಿ ಗುಮ್ಮಟದ ಆಕಾರ, ಅದರೊಳಗೆ ಒಂದರ ಮೇಲೊಂದು ತೆಳು ಪದರ. ಸ್ಟ್ರೊಮಾಟೊಲೈಟ್ ಅಂತಾರೆ. ಸೂಕ್ಷ್ಮಜೀವಿಗಳ ಹಾಸು ನೀರಿನ ಸುಣ್ಣವನ್ನ, ಮಣ್ಣಿನ ಕಣವನ್ನ ಹಿಡಿದಿಟ್ಟು, ಮುಚ್ಚಿಹೋದಾಗ ಮತ್ತೆ ಮೇಲೆ ಬೆಳೆದು, ಹಾಗೆ ಪದರ ಕಟ್ಟಿದ್ದು. ಚಿತ್ರದುರ್ಗದ ಭೀಮಸಮುದ್ರ, ಹಿರಿಯೂರಿನ ಮಾರಿಕಣಿವೆ, ಶಿವಮೊಗ್ಗದ ಕುಂಸಿ, ಇಲ್ಲೆಲ್ಲ 1980ರ ದಶಕದಲ್ಲಿ ಭೂವಿಜ್ಞಾನಿಗಳು ಗುರುತಿಸಿ ಬರೆದಿದ್ದಾರೆ. ವಯಸ್ಸು 250 ಕೋಟಿ ವರ್ಷಕ್ಕಿಂತ ಹೆಚ್ಚು.

ದೊಡ್ಡಪ್ಪ: ಆಗ ಅಲ್ಲಿ ಸಮುದ್ರ ಇತ್ತಾ?

ಹುಡುಗಿ: ಆಳವಿಲ್ಲದ ಸಮುದ್ರ. ಈ ಹಾಸುಗಳು ಬದುಕಿದ್ದಾಗ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ ಅನ್ನಬಹುದು, ಅಷ್ಟು ಕಡಿಮೆ. ಅದು ಗಾಳಿಯಲ್ಲಿ ನೆಲೆಯಾಗಿ ನಿಂತಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅಂದ್ರೆ ನಾವು ಈಗ 'ಕೆಟ್ಟ ನೀರು' ಅಂತೀವಲ್ಲ, ಭೂಮಿಯ ಅರ್ಧ ಆಯಸ್ಸು ಸಮುದ್ರವೆಲ್ಲ ಅಂಥದ್ದೇ. ಬಾಬಾಬುಡನ್, ಕುದುರೆಮುಖ, ಸಂಡೂರಿನ ಕಬ್ಬಿಣದ ಪದರಗಳೂ ಆ ಕಾಲದವು. ಆಮ್ಲಜನಕ ಇಲ್ಲದ ಸಮುದ್ರದಲ್ಲಿ ಕಬ್ಬಿಣ ನೀರಿನಲ್ಲಿ ಕರಗಿ ಇರುತ್ತೆ. ಸೂಕ್ಷ್ಮಜೀವಿಗಳ ಕೆಲಸದಿಂದ ಅದು ತುಕ್ಕಾಗಿ ತಳಕ್ಕೆ ಕೂತಿತು ಅಂತ ಬಹಳ ಜನ ಹೇಳ್ತಾರೆ.

ದೊಡ್ಡಪ್ಪ: ಅಲ್ಲಿ ನಿಲ್ಲು. ಸಮುದ್ರದ ಕತ್ತಲಲ್ಲಿ ಗಂಧಕ ತಿನ್ನೋ ಹಾಸು ಅಂತ ಹೇಳ್ತಿದ್ದೆ. ದೊಡ್ಡಗುಣಿಯದು ಆಳವಿಲ್ಲದ ನೀರಲ್ಲಿ ಬೆಳೆದಿದ್ದು ಅಂದೆ. ಎರಡೂ ಒಂದೇ ಜಾತಿನಾ?

ಹುಡುಗಿ: ಅಲ್ಲ. ದೊಡ್ಡಗುಣಿಯವು ಬಿಸಿಲು ನಂಬಿದವು ಅಂತಾನೇ ಹೆಚ್ಚಿನವರ ಅಭಿಪ್ರಾಯ. ಥಿಯೋಪ್ಲೋಕಾ ಬಿಸಿಲು ಕಂಡೇ ಇಲ್ಲ.

ದೊಡ್ಡಪ್ಪ: ಹಾಗಾದ್ರೆ ಒಂದನ್ನ ತೋರಿಸಿ ಇನ್ನೊಂದರ ಕತೆ ಹೇಳ್ತಾ ಇದ್ದೀಯ.

ಹುಡುಗಿ: ಜಾತಿ ಬೇರೆ. ಹಾಸು ಕಟ್ಟೋ ರೀತಿ, ಉಸಿರಿಲ್ಲದ ನೀರು, ಪದರ ಉಳಿಯೋ ಕಾರಣ, ಇವು ಹತ್ತಿರ ಹತ್ತಿರ. ಇವತ್ತು ಬದುಕಿರೋದನ್ನ ನೋಡಿಯೇ ಹಳೇದನ್ನ ಓದೋಕೆ ಸಾಧ್ಯ. ಬೇರೆ ದಾರಿ ಇಲ್ಲ.

ದೊಡ್ಡಪ್ಪ: ಪದರ ಇದ್ರೆ ಜೀವ ಇತ್ತು ಅಂತ ಹೇಗೆ ಹೇಳ್ತೀಯ? ನಮ್ಮ ದೇವನಹಳ್ಳಿ ಕಡೆ ಕೊಯಿರದ ಬಂಡೆ ಸೀಳಿದ್ರೂ ಪಟ್ಟೆ ಕಾಣ್ತದೆ.

ಹುಡುಗಿ: ಅದು ನೈಸ್ ಕಲ್ಲು ದೊಡ್ಡಪ್ಪ, ಲಾಲ್‌ಬಾಗ್ ಬಂಡೆಯ ಜಾತಿ. ನೆಲದ ಆಳದಲ್ಲಿ ಬಿಸಿಗೆ, ಒತ್ತಡಕ್ಕೆ ಬಂದ ಪಟ್ಟೆ. ಅದರಲ್ಲಿ ಹಾಸಿನ ಗುರುತು ಹುಡುಕೋ ಹಾಗಿಲ್ಲ. ಆದ್ರೆ ನಿಮ್ಮ ಪ್ರಶ್ನೆ ಸರಿಯಾದದ್ದು. ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ ಸ್ಟ್ರೊಮಾಟೊಲೈಟ್ ಸಿಕ್ತು ಅಂತ 2016ರಲ್ಲಿ ದೊಡ್ಡ ಸುದ್ದಿಯಾಯ್ತು. 2018ರಲ್ಲಿ ಇನ್ನೊಂದು ತಂಡ ಹೋಗಿ, ಬೇರೆ ಮಗ್ಗುಲಿಂದ ಕಲ್ಲು ಕೊಯ್ದು ನೋಡಿ, ಇದು ಕಲ್ಲು ಮಡಚಿ ಹಿಂಡಿದಾಗ ಆದ ಆಕಾರ, ಜೀವದ್ದಲ್ಲ ಅಂತು.

ದೊಡ್ಡಪ್ಪ: ಎರಡೇ ವರ್ಷಕ್ಕೆ. ದೊಡ್ಡಗುಣಿಗೂ ನಾಳೆ ಯಾರಾದ್ರೂ ಹಾಗೆ ಅಂದ್ರೆ?

ಹುಡುಗಿ: ಅಲ್ಲಿನ ಕಲ್ಲು ಸುಣ್ಣದ್ದು, ಗುಮ್ಮಟಗಳು ಸಾಲಾಗಿ ನಿಂತಿವೆ, ಅಷ್ಟು ಹಿಂಡಿಹೋಗಿಲ್ಲ. ಹಾಗಾಗಿ ಅವನ್ನ ಹೆಚ್ಚಿನವರು ಒಪ್ಪಿದ್ದಾರೆ. ಒಳಗೆ ಕೋಶ ಉಳಿದಿದೆಯಾ ಅಂದ್ರೆ ಬೇರೆ ಮಾತು. ಸಂಡೂರಿನ ದೋಣಿಮಲೈ ಶಿಲೆಯಲ್ಲಿ ಸೂಕ್ಷ್ಮಜೀವಿಗಳ ಆಕಾರ ಕಂಡಿದ್ದೀವಿ ಅಂತ 1990ರಲ್ಲಿ ವರದಿ ಬಂತು. ಇಷ್ಟು ಹಳೇ ಕಲ್ಲಿನಲ್ಲಿ ಕಾಣೋ ಆಕಾರ ಜೀವದ್ದೇ ಅಂತ ಸಾಬೀತು ಮಾಡೋದು ಪ್ರಪಂಚದ ಎಲ್ಲ ಕಡೆ ಕಷ್ಟದ ಕೆಲಸ. ನನಗೆ ಅದು ಜೀವದ್ದೇ ಅನ್ನೋ ನಂಬಿಕೆ ಇದೆ. ನಂಬಿಕೆಯೇ ಪುರಾವೆ ಅಂತ ಹೇಳಲ್ಲ.

ದೊಡ್ಡಪ್ಪ: ಇನ್ನೊಂದು ಕೇಳ್ತೀನಿ. ನಮ್ಮ ಹೊಲದ ಮಣ್ಣಲ್ಲಿ ಪದರ ಯಾಕೆ ನಿಲ್ಲಲ್ಲ? ಪ್ರತಿ ವರ್ಷ ಮಳೆ ಮಣ್ಣು ತಂದು ಹಾಕ್ತದೆ. ಅಗೆದು ನೋಡಿದ್ರೆ ಎಲ್ಲಾ ಒಂದೇ ಬಣ್ಣ.

ಹುಡುಗಿ: ಎರೆಹುಳು!

ದೊಡ್ಡಪ್ಪ: ಏನು?

ಹುಡುಗಿ: ಎರೆಹುಳು, ಗೆದ್ದಲು, ಬೇರು, ನಿಮ್ಮ ನೇಗಿಲು. ಎಲ್ಲಾ ಸೇರಿ ಮಣ್ಣನ್ನ ಕಲಸ್ತಾ ಇರ್ತವೆ. ಸಮುದ್ರದ ತಳದಲ್ಲೂ ಆಮ್ಲಜನಕ ಇರೋ ಕಡೆ ಹುಳುಗಳು ಕೆಸರನ್ನ ತಿಂದು, ತೋಡಿ, ಕದಡಿ ಬಿಡ್ತವೆ. ಉಸಿರಿಲ್ಲದ ಕಡೆ ಹುಳು ಬದುಕಲ್ಲ. ಬ್ಯಾಕ್ಟೀರಿಯಾ ಹಾಸು ಮೇಲೆ ಬಿಗಿಯಾಗಿ ಹಿಡಿದಿರುತ್ತೆ, ಪದರ ಬಿದ್ದ ಹಾಗೇ ಉಳಿಯುತ್ತೆ. ಕರಾಚಿಯಾಚೆಯ ಸಮುದ್ರತಳದಲ್ಲಿ ಅಂಥ ಕೆಸರನ್ನ ಕೊಳವೆ ಇಳಿಸಿ ತೆಗೆದಿದ್ದಾರೆ. ಮುಂಗಾರು ಜೋರಾಗಿದ್ದ ಕಾಲದಲ್ಲಿ ಪದರ ಸ್ಪಷ್ಟ, ಮುಂಗಾರು ಸೋತ ಕಾಲದಲ್ಲಿ ಹುಳುಗಳು ಬಂದು ಕದಡಿವೆ. ಹಾಗೆ ಒಂದು ಲಕ್ಷ ಹತ್ತು ಸಾವಿರ ವರ್ಷದ ಏರಿಳಿತವನ್ನ ಓದಿ 1998ರಲ್ಲಿ ಪ್ರಕಟಿಸಿದ್ರು. ಹಿಂದೆ ಮುಂಗಾರು ಎಂಥೆಂಥ ಕಾಲ ಕಂಡಿದೆ ಅನ್ನೋದಕ್ಕೆ ಇಷ್ಟು ಒಳ್ಳೇ ದಾಖಲೆ ಕೊಟ್ಟಿದ್ದು ಆ ಉಸಿರಿಲ್ಲದ ಕೆಸರು.

ದೊಡ್ಡಪ್ಪ: ನಾನು ಎರೆಗೊಬ್ಬರದ ತೊಟ್ಟಿ ಕಟ್ಟಿಸೋಕೆ ಬಾಳ ಓಡಾಡಿದೀನಿ. ನಿಮ್ಮ ಶಾಸ್ತ್ರಕ್ಕೆ ಹುಳು ಇಲ್ಲದ ಕಡೆಯೇ ಒಳ್ಳೇದು.

ಹುಡುಗಿ: ಓದೋಕೆ ಒಳ್ಳೇದು. ಬದುಕೋಕೆ ಹುಳು ಬೇಕು. ಸುಮಾರು 54 ಕೋಟಿ ವರ್ಷದ ಹಿಂದೆ ಪ್ರಾಣಿಗಳು ಸಮುದ್ರತಳವನ್ನ ಆಳವಾಗಿ ತೋಡೋಕೆ ಶುರು ಮಾಡಿದ ಮೇಲೆಯೇ ಆ ಹಾಸುಗಳು ಮೂಲೆಗೆ ಸರಿದದ್ದು. ಈಗ ಅವು ಸಿಗೋದು ಹುಳು ಬರಲಾರದ ಕಡೆ ಮಾತ್ರ, ಉಸಿರಿಲ್ಲದ ತಳ, ವಿಪರೀತ ಉಪ್ಪಿನ ನೀರು, ಬಿಸಿನೀರಿನ ಬುಗ್ಗೆ.

ದೊಡ್ಡಪ್ಪ: ಇಷ್ಟೆಲ್ಲ ಹೇಳಿದೆ. ಇದರಿಂದ ನನಗೆ ಏನಾದ್ರೂ ಬಂದಿದೆಯಾ?

ಹುಡುಗಿ: ಅಲ್ಲಿ ಮೂಲೆಯಲ್ಲಿ ಇದೆಯಲ್ಲ, ಡಿಎಪಿ ಚೀಲ.

ದೊಡ್ಡಪ್ಪ: ಅದಕ್ಕೇನು?

ಹುಡುಗಿ: ಚೀಲದ ಮೇಲೆ 18-46 ಅಂತ ಬರೆದಿದೆ. 46 ಅನ್ನೋದು ರಂಜಕದ ಲೆಕ್ಕ. ಆ ರಂಜಕ ಕಲ್ಲಿಂದ ಬಂದದ್ದು. ಥಿಯೋಮಾರ್ಗರಿಟಾ ಹೇಳಿದೆನಲ್ಲ, ಅದು ಆಮ್ಲಜನಕ ಸಿಕ್ಕಾಗ ರಂಜಕ ಕೂಡಿಟ್ಟುಕೊಳ್ಳುತ್ತೆ, ಸಿಗದಾಗ ಅದನ್ನ ಖರ್ಚು ಮಾಡಿ ಕೆಸರಿನ ನೀರಿಗೆ ಫಾಸ್ಫೇಟ್ ಬಿಡುತ್ತೆ. ಅಲ್ಲಿ ಸುಣ್ಣದಂಶ ಸೇರಿ ಖನಿಜ ಆಗುತ್ತೆ. 2005ರಲ್ಲಿ ನಮೀಬಿಯಾದ ಕೆಸರಿನಲ್ಲಿ ಅದನ್ನ ತೋರಿಸಿದ್ರು. ಮೊರಾಕ್ಕೋ, ಜೋರ್ಡಾನ್ ಕಡೆಯಿಂದ ನಾವು ತರಿಸೋ ಫಾಸ್ಫೇಟ್ ಕಲ್ಲೂ ಸತ್ವದ ನೀರು ಮೇಲೆದ್ದು ಬರ್ತಿದ್ದ ಹಳೇ ಸಮುದ್ರತಳದ್ದು. ನಮ್ಮ ದೇಶದಲ್ಲೇ ಉದಯಪುರದ ಹತ್ತಿರ ಝಾಮರ್‌ಕೋಟ್ರಾ ಅಂತ ಗಣಿ ಇದೆ. ಅಲ್ಲಿ ಸ್ಟ್ರೊಮಾಟೊಲೈಟಿನ ಕಂಬಗಳಲ್ಲೇ ರಂಜಕ ಗಟ್ಟಿಯಾಗಿ ಕೂತಿದೆ. ಹಾಸು ಬೆಳೆದ ಜಾಗದಲ್ಲೇ ಅದಿರು.

ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ ಪ್ರಶ್ನೆಗೆ ಹುಡುಗಿಯ ಹತ್ತಿರ ಸಿದ್ಧ ಉತ್ತರ ಇರಲಿಲ್ಲ.

ದೊಡ್ಡಪ್ಪ: ಹಾಗಾದ್ರೆ ನನ್ನ ಕೆರೆ ಕೆಸರನ್ನ ಯಾಕೆ ರೋಗ ಅಂತೀವಿ? ನಾನೇ ಈಗ ಸತ್ತ ಕೆರೆ ಅಂದೆ. ನಿನ್ನ ಮಾತು ನಿಜ ಆದ್ರೆ ಕಬ್ಬಿಣ, ರಂಜಕ, ಎಲ್ಲಾ ಇಂಥ ಕಡೆಯಿಂದಲೇ ಬಂದಿದ್ದು. ನಮ್ಮ ಕೆರೆಯೂ ಅದೇ ದಾರಿ ಹಿಡಿದೈತೆ. ಸುಮ್ನೆ ಬಿಡೋಣ ಬಿಡು.

ಹುಡುಗಿ: ಬಿಡೋಕಾಗಲ್ಲ. ಝಾಮರ್‌ಕೋಟ್ರಾದ ಅದಿರು ಇನ್ನೂರು ಕೋಟಿ ವರ್ಷದ ಆಸುಪಾಸಿನದು. ಅಷ್ಟು ಕಾಲಕ್ಕೆ ಆಗೋ ಲಾಭ ತೋರಿಸಿ ಈ ವರ್ಷದ ಮೀನಿನ ನಷ್ಟ ತುಂಬಲಾರೆ. ಅಲ್ಲಿ ಸಮುದ್ರ ತಾನಾಗಿ ಉಸಿರು ಕಳೆದುಕೊಂಡಿತು. ಇಲ್ಲಿ ನಾವು ಕಳೀತಾ ಇದ್ದೀವಿ. ನೀವು ಹಾಕೋ ಡಿಎಪಿಯಲ್ಲಿ ಬೆಳೆ ತಗೊಂಡು ಉಳಿದದ್ದು ಮಣ್ಣಿನ ಜೊತೆ ಕೆರೆಗೆ ಹೋಗುತ್ತೆ, ಪಾಚಿ ಬೆಳೆಯುತ್ತೆ, ಸತ್ತು ಕೊಳೆಯುತ್ತೆ, ಆಮ್ಲಜನಕ ಮುಗಿಯುತ್ತೆ. ಕಲ್ಲಿಂದ ಚೀಲಕ್ಕೆ, ಚೀಲದಿಂದ ಕೆರೆಗೆ, ಕೊನೆಗೆ ಸಮುದ್ರಕ್ಕೆ. ನಮ್ಮ ಕರಾವಳಿಯ ನೀರಿನ ಉಸಿರು ಕಡಿಮೆಯಾಗೋದರಲ್ಲಿ ಗೊಬ್ಬರದ ಪಾಲೂ ಇರಬಹುದು ಅಂತ ಅದೇ 2000ದ ಬರಹದಲ್ಲಿ ಇದೆ.

ದೊಡ್ಡಪ್ಪ: ಯಾವ ಕರಾವಳಿ?

ಹುಡುಗಿ: ಮಲ್ಪೆ, ಕಾರವಾರ.

ದೊಡ್ಡಪ್ಪ: ನನ್ನ ಹೊಲದ ನೀರು ಕಾರವಾರಕ್ಕೆ ಹೋಗ್ತದಾ? ಭೂಗೋಳ ಓದಿದೀಯ ನೀನು. ದೊಡ್ಡಬಳ್ಳಾಪುರದ ನೀರು ಅರ್ಕಾವತಿಗೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಕಾವೇರಿ ಮೆಟ್ಟೂರು ದಾಟಿ ಪೂರ್ವಕ್ಕೆ. ಹೊಸಕೋಟೆ ನೀರು ದಕ್ಷಿಣ ಪಿನಾಕಿನಿಗೆ, ಅದೂ ಪೂರ್ವಕ್ಕೆ. ಅರ್ಕಾವತಿ ನಮ್ಮೂರ ಹತ್ತಿರ ಹೊಳೆಯಾಗಿ ಹರಿದು ಎಷ್ಟು ಕಾಲ ಆಯ್ತು! ನನ್ನ ಗೊಬ್ಬರ ಮೊದಲ ಕೆರೆಯನ್ನೇ ದಾಟಲ್ಲ. ಮಲ್ಪೆ ಮೀನಿನ ಲೆಕ್ಕವನ್ನ ನನ್ನ ಮೇಲೆ ಹೊರಿಸಬೇಡ.

ಹುಡುಗಿ: ಅದು ಸರಿ. ಅರಬ್ಬಿ ಸಮುದ್ರದ ಮಾತನ್ನ ವಾಪಸ್ ತಗೋತೀನಿ. ಬಂಗಾಳ ಕೊಲ್ಲಿಗೆ ಮಾತ್ರ ಹೇಳಲೇಬೇಕು. ಅಲ್ಲೂ ಆಳದಲ್ಲಿ ಉಸಿರಿಲ್ಲದ ಪಟ್ಟಿ ಇದೆ, ಆದ್ರೆ ಅಳೆಯೋಕೂ ಕಷ್ಟವಾಗೋಷ್ಟು ಒಂದಿಷ್ಟು ಆಮ್ಲಜನಕ ಉಳಿದಿದೆ. ಆ ಇಷ್ಟೇ ಇಷ್ಟು ಇರೋದ್ರಿಂದ ಅಲ್ಲಿ ಅರಬ್ಬಿ ಸಮುದ್ರದಷ್ಟು ನೈಟ್ರೋಜನ್ ನಷ್ಟ ಆಗ್ತಾ ಇಲ್ಲ ಅಂತ 2017ರ ಒಂದು ಅಧ್ಯಯನ ಹೇಳಿದೆ. ನದಿಗಳಿಂದ ಹೋಗೋ ಗೊಬ್ಬರ ಹೆಚ್ಚಾದ್ರೆ ಅದೂ ಖಾಲಿಯಾಗಬಹುದು.

ದೊಡ್ಡಪ್ಪ: ಗಂಗೆ, ಗೋದಾವರಿ ಮುಂದೆ ಅರ್ಕಾವತಿ ಲೆಕ್ಕವೇ ಅಲ್ಲ. ನನಗೆ ಕೋಪ ಬರೋದು ಅದಕ್ಕಲ್ಲ. ರೈತ ಎರಡು ಚೀಲ ಹಾಕಿದ್ದನ್ನ ಎಲ್ಲರೂ ಎಣಿಸ್ತಾರೆ. ಊರಿನ ಚರಂಡಿ ಯಾರು ಎಣಿಸಿದ್ರು? ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯವರು ಕೆರೆ ನೀರು ಕೆಟ್ಟಿದ್ದಕ್ಕೆ ಎಷ್ಟು ವರ್ಷ ಹೋರಾಡಿದ್ರು, ಗೊತ್ತಲ್ಲ. ಅತ್ಲಾಗೆ ದೇವನಹಳ್ಳಿ ಕೆರೆಗಳಿಗೆ ಬೆಂಗಳೂರಿನ ಹೆಬ್ಬಾಳ, ನಾಗವಾರದ ಶುದ್ಧೀಕರಿಸಿದ ನೀರು ಬರ್ತದೆ.

ಹುಡುಗಿ: ಎರಡನೇ ಹಂತದವರೆಗೆ ಮಾತ್ರ ಶುದ್ಧೀಕರಿಸಿದ ನೀರು. ಅಷ್ಟರಲ್ಲಿ ಕೊಳೆ ಬಹುಪಾಲು ಹೋಗುತ್ತೆ, ರಂಜಕ, ಸಾರಜನಕ ಪೂರ್ತಿ ಹೋಗಲ್ಲ. ಮೂರನೇ ಹಂತ ಬೇಕು ಅಂತ ಜನ ಕೇಳ್ತಿರೋದು ಅದಕ್ಕೇ.

ದೊಡ್ಡಪ್ಪ: ಕೇಳ್ಲಿ, ನಾನೂ ಕೇಳ್ತೀನಿ. ಆದ್ರೆ ಬೇಡ ಅನ್ನೋಕೆ ಬಾಯಿ ಬರಲ್ಲ. ಸಾವಿರದ ಇನ್ನೂರು ಅಡಿ ಕೊರೆಸಿದ್ರೂ ಬರೀ ದೂಳು ಬಂದಿದ್ದನ್ನ ನೋಡಿದೋನು ನಾನು. ಕೆರೆಗೆ ನೀರು ಬಂದ ಮೇಲೆ ಸುತ್ತಲ ಬೋರ್‌ಗಳಲ್ಲಿ ನೀರು ಏರಿದೆ ಅಂತ ಅಲ್ಲಿನ ನೆಂಟರು ಹೇಳ್ತಾರೆ. ಅವರಿಗೆ ನೀನು ಏನು ಹೇಳ್ತೀಯ? ಬ್ಯಾಕ್ಟೀರಿಯಾ ಹಾಸು ಬೆಳೀತದೆ, ನೀರು ವಾಪಸ್ ಕಳಿಸಿ ಅಂತೀಯಾ?

ಹುಡುಗಿ: ಇಲ್ಲ. ಹಾಗೆ ಹೇಳೋಕೆ ನನಗೂ ಆಗಲ್ಲ.

ಇಲ್ಲಿ ಇಬ್ಬರೂ ತಾವು ಹೊರಟ ಜಾಗದಿಂದ ಬಹಳ ಸರಿದಿದ್ದರು. ಕೆಸರಿನ ಬದುಕನ್ನು ಹಾಡಿಹೊಗಳಿದವಳು ಈಗ ಕೆರೆಗೆ ಉಸಿರು ಬೇಕು ಎನ್ನುತ್ತಿದ್ದಾಳೆ. ಸತ್ತ ಕೆರೆ ಎಂದವರು ಅದರ ನೀರನ್ನು ಬಿಟ್ಟುಕೊಡಲು ಒಪ್ಪುತ್ತಿಲ್ಲ. ಈ ಅದಲುಬದಲು ವಾದದ ಸೋಲು ಎಂದು ನನಗೆ ಅನ್ನಿಸುವುದಿಲ್ಲ. ಈ ಜಿಲ್ಲೆಯಲ್ಲಿ ಕೆರೆಯ ಬಗ್ಗೆ ಪ್ರಾಮಾಣಿಕವಾಗಿ ಮಾತಾಡುವ ಯಾರಾದರೂ ಒಂದು ಹಂತದಲ್ಲಿ ಇಲ್ಲಿಗೇ ಬಂದು ನಿಲ್ಲುತ್ತಾರೆ.

ದೊಡ್ಡಪ್ಪ: ಹೋಗ್ಲಿ. ಈಗಿನ ಮಾತು ಹೇಳು. ನಮ್ಮೂರ ಕೆರೆ ಅಂಗಳ ಒಣಗೈತೆ. ಮುಂದಿನ ವಾರ ಹೂಳು ತೆಗೀತಾರೆ. ಹತ್ತು ಲೋಡಿಗೆ ಟ್ರ್ಯಾಕ್ಟರ್‌ನವನಿಗೆ ಹೇಳಿದೀನಿ, ದ್ರಾಕ್ಷಿ ಸಾಲಿಗೆ ಹಾಕೋಕೆ. ನಮ್ಮಪ್ಪನ ಕಾಲದಿಂದ ಕೆರೆಗೋಡು ಹೊಡೆದೇ ಈ ಭೂಮಿ ಉಳಿದಿರೋದು. ಕಪ್ಪಗಿದ್ದ ಮಣ್ಣು ಹೊಲಕ್ಕೆ ಹಾಕಿದ ಹತ್ತು ದಿನಕ್ಕೆ ಕೆಂಚಗಾಗ್ತದೆ, ವಾಸನೆಯೂ ಹೋಗ್ತದೆ. ಆಮೇಲೆ ಬೆಳೆ ನೋಡಬೇಕು.

ಹುಡುಗಿ: ಕೆಂಚಗಾಗೋದು ಯಾಕೆ ಅಂತ ಗೊತ್ತಾ? ಕಬ್ಬಿಣದ ಸಲ್ಫೈಡ್‌ಗೆ ಗಾಳಿ ತಗುಲಿ ತುಕ್ಕಾಗುತ್ತೆ. ಈ ಬಾಟಲಿಯ ಕಪ್ಪು ಪಟ್ಟಿಯನ್ನ ಹೊರಗೆ ತೆಗೆದ್ರೂ ಹಾಗೇ ಆಗುತ್ತೆ. ನಿಮ್ಮ ಅಪ್ಪನ ಕಾಲದಲ್ಲಿ ಅಷ್ಟೇ ಆಗ್ತಾ ಇತ್ತು, ಒಳ್ಳೇದೇ ಆಗ್ತಾ ಇತ್ತು. ಈಗ ಭಯ ಬೇರೆ. ಸಲ್ಫೈಡಿಗೆ ಒಂದು ಗುಣ ಇದೆ, ನೀರಲ್ಲಿ ಬಂದ ತಾಮ್ರ, ಸತು, ಸೀಸ, ಕ್ಯಾಡ್ಮಿಯಂ ಎಲ್ಲವನ್ನೂ ಹಿಡಿದು ಕೆಸರಿನಲ್ಲಿ ಕೂರಿಸುತ್ತೆ. ಭೂಮಿಯ ಎಷ್ಟೋ ಲೋಹದ ಅದಿರು ಹಾಗೇ ಆಗಿದ್ದು. ಕೈಗಾರಿಕೆ ನೀರು ಬಂದ ಕೆರೆಯಲ್ಲಿ ಆ ಕಪ್ಪು ಕೆಸರು ಇಷ್ಟು ವರ್ಷ ಲೋಹವನ್ನ ಹಿಡಿದಿಟ್ಟಿರಬಹುದು. ಗಾಳಿಗೆ ಹರವಿದ್ರೆ ಸಲ್ಫೈಡ್ ಒಡೆಯುತ್ತೆ, ಲೋಹ ಬಿಡುಗಡೆ ಆಗುತ್ತೆ, ಬೇರಿಗೆ ಸಿಗೋ ರೂಪಕ್ಕೆ ಬರುತ್ತೆ.

ದೊಡ್ಡಪ್ಪ: ಅಂದ್ರೆ ಆ ಕೆಸರು ಅಲ್ಲೇ ಇದ್ರೆ ಒಳ್ಳೇದು ಅಂತೀಯಾ? ಹೂಳು ತೆಗೀದೇ ಇದ್ರೆ ಕೆರೆಯಲ್ಲಿ ನೀರೆಲ್ಲಿ ನಿಲ್ತದೆ?

ಹುಡುಗಿ: ತೆಗೀಬೇಕು. ಎಲ್ಲಿ ಹಾಕ್ತೀವಿ ಅನ್ನೋದೇ ಪ್ರಶ್ನೆ. ಲೋಹ ಇಲ್ಲದೇನೂ ಇರಬಹುದು, ನಾನು ನೋಡಿಲ್ಲ. ಮೊದಲು ಪರೀಕ್ಷೆ ಮಾಡಿಸೋಣ. ಹಾಡೋನಹಳ್ಳಿ ಕೃಷಿ ವಿಜ್ಞಾನ ಕೇಂದ್ರ ಇಲ್ಲೇ ಇದೆ, ಅವರನ್ನ ಕೇಳಿದ್ರೆ ಯಾವ ಲ್ಯಾಬಿಗೆ ಕಳಿಸಬೇಕು ಅಂತ ಹೇಳ್ತಾರೆ. ಕೋಡಿ ಹತ್ತಿರ ಒಂದು, ಕಾಲುವೆ ಬಂದು ಬೀಳೋ ಕಡೆ ಒಂದು, ನಡುವೆ ಒಂದು, ಮೂರು ಕಡೆ ಮಣ್ಣು ತೆಗೀಬೇಕು. ಒಂದೇ ಕಡೆ ತೆಗೆದ್ರೆ ಗೊತ್ತಾಗಲ್ಲ.

ದೊಡ್ಡಪ್ಪ: ನಾಳೆ ಬೆಳಿಗ್ಗೆ ತೆಗೆದುಕೊಡ್ತೀನಿ. ಟ್ರ್ಯಾಕ್ಟರ್‌ನವನಿಗೆ ಬೇಡ ಅಂತ ಮಾತ್ರ ಹೇಳಲ್ಲ. ಅವನು ಬಿಟ್ರೆ ಪಕ್ಕದೂರಿನವರು ಕರ್ಕೊಂಡು ಹೋಗ್ತಾರೆ.

ಹುಡುಗಿ: ರಿಪೋರ್ಟ್ ಬರೋವರೆಗೆ ಲೋಡನ್ನ ಸಾಲಿಗೆ ಹಾಕಿಸಬೇಡಿ. ಬದುವಿನ ಆಚೆ ರಾಶಿ ಹಾಕಿಸಿ, ಮೇಲೆ ಟಾರ್ಪಾಲು ಹೊದಿಸಿ.

ದೊಡ್ಡಪ್ಪ: ಅಷ್ಟರಲ್ಲಿ ಮಳೆ ಬಂದ್ರೆ? ಮಳೆಗೆ ಮುಂಚೆ ಮಣ್ಣು ಹರಡಬೇಕು, ಇಲ್ಲದಿದ್ರೆ ಈ ಸಾಲಿನದು ಹೋಯ್ತು.

ಹುಡುಗಿ: ಬಂದ್ರೆ ಈ ವರ್ಷ ಹೂಳು ಬೇಡ.

ದೊಡ್ಡಪ್ಪ: ಅದನ್ನ ನೀನು ಹೇಳಬಹುದು. ನಾನು ಹೇಳೋಕೆ ಇನ್ನೂ ಎರಡು ದಿನ ಬೇಕು. ಬಾ, ಕೆರೆ ಹತ್ತಿರ ಹೋಗೋಣ, ಆ ಮೂರು ಜಾಗ ಯಾವುವು ಅಂತ ತೋರಿಸು.